ಅಜ್ಜಿಯ ಎಡಗಣ್ಣಿಗೊಂದು ರೈಫಲ್

ನನ್ನ ಅಜ್ಜಿ ಥೋರಾಳ ಬಲಗಣ್ಣಿನ ನಟ್ಟನಡುವೆ ಒಂದು ಬೂದು ಮಚ್ಚೆ ಬಂದು ಕೂತಿತು. ಅದೇನು ಎಂದು ಕೇಳಿದವರಿಗೆಲ್ಲ ಅವಳು, ಸರೋವರದ ಮೇಲಿನ ಮಂಜು ದಾರಿ ತಪ್ಪಿ ಒಳಗೆ ನುಗ್ಗಿದೆ, ಚಳಿಗಾಲ ಮುಗಿದ ಮೇಲೆ ತಾನಾಗಿ ಹೊರಡುತ್ತದೆ ಎನ್ನುತ್ತಿದ್ದಳು. ಚಳಿಗಾಲ ಮುಗಿಯಿತು. ಮಂಜು ಹೊರಡಲಿಲ್ಲ. ನನ್ನ ಜೊತೆ ಮಾತಾಡುವಾಗ ಅವಳು ನನ್ನ ಕಿವಿಯ ಕಡೆ ನೋಡತೊಡಗಿದಳು. ಹಾಗೆ ಓರೆಯಾಗಿ ನೋಡಿದರೆ ಮಾತ್ರ ಆ ಕಣ್ಣಿಗೆ ನನ್ನ ಮುಖ ಸಿಗುತ್ತಿತ್ತಂತೆ.

ಲಾನ್ಸೆಸ್ಟನ್ನಿನ ಕಣ್ಣಿನ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಬಲಗಣ್ಣು ಇನ್ನು ಬರುವುದಿಲ್ಲ, ಎಡಗಣ್ಣು ಸದ್ಯಕ್ಕೆ ಚೆನ್ನಾಗಿದೆ, ಆದರೆ ಅದಕ್ಕೂ ಇದೇ ಗತಿ ಬರಬಹುದು, ಒಂದು ವರ್ಷವೋ ಎರಡೋ ಹೇಳಲಾಗದು ಎಂದರು. ವಾಪಸು ಬರುವಾಗ ಕಾರು ಓಡಿಸುತ್ತಿದ್ದ ನನಗೆ ಅಳು ತಡೆಯಲಾಗಲಿಲ್ಲ.

"ಅಳು ನಿಲ್ಸು ಫರ್ನ್, ರಸ್ತೆ ಕಾಣ್ಸಲ್ಲ," ಎಂದಳು ಅಜ್ಜಿ. "ಈ ಕಾರಲ್ಲಿ ಒಬ್ಬಳಿಗಾದ್ರೂ ಕಣ್ಣು ಬೇಕು."

ಅಜ್ಜಿ ಹನ್ನೆರಡನೆಯ ವಯಸ್ಸಿನಿಂದ ಜಿಂಕೆ ಬೇಟೆಗೆ ಹೋದವಳು. ಅವಳ ಅಪ್ಪ ಟಾಸ್ಮೇನಿಯಾದ ಈ ಎತ್ತರದ ಬಯಲಿನಲ್ಲಿ ಉರುಳು ಒಡ್ಡಿ, ಚರ್ಮ ಒಣಗಿಸಿ ಮಾರಿ ಬದುಕಿದವನು. ಅವನ ಗುಡಿಸಲಿನ ಕಥೆಗಳನ್ನು ಕೇಳುತ್ತಲೇ ನಾನು ಬೆಳೆದದ್ದು: ಹೊಗೆಗೂಡಿಗೆ ನೆಗಡಿಯಾದ ಕಥೆ, ಹಿಮದಲ್ಲಿ ತನ್ನದೇ ಹೆಜ್ಜೆಗಳ ಜಾಡು ಹಿಡಿದು ಹೋಗಿ ಕೊನೆಗೆ ತನ್ನನ್ನೇ ಭೇಟಿಯಾದ ಮನುಷ್ಯನ ಕಥೆ. ಬೇರೆಯವರ ಮನೆಗಳಲ್ಲಿ ವರ್ಷ ಜನವರಿಯಲ್ಲಿ ಶುರುವಾಗುತ್ತದೆ. ನಮ್ಮ ಮನೆಯಲ್ಲಿ ಅದು ಶುರುವಾಗುವುದು ಮಾರ್ಚಿನಲ್ಲಿ, ಬೇಟೆಯ ಋತು ತೆರೆಯುವ ಬೆಳಿಗ್ಗೆ. ಡಾಕ್ಟರ ಬಳಿ ಹೋಗಿ ಬಂದ ಮಾರನೆಯ ದಿನ ಅಜ್ಜಿ ತನ್ನ ಹಳೆಯ ರೈಫಲಿಗೆ ಎಣ್ಣೆ ಒರೆಸಿ, ಕಬ್ಬಿಣದ ಪೆಟ್ಟಿಗೆಯೊಳಗಿಟ್ಟು, ಬೀಗ ಹಾಕಿ, "ಮುಗೀತು," ಎಂದಳು.

ಅಜ್ಜ ಹ್ಯೂಬರ್ಟ್‌ಗೆ ಬೇಟೆಯ ಗಂಧವಿಲ್ಲ. ತೋಟದ ಮೊಲಗಳಿಗೆಂದು ಬಂದೂಕಿನ ಲೈಸೆನ್ಸ್ ಇಟ್ಟುಕೊಂಡಿದ್ದರೂ ಒಂದು ಮೊಲಕ್ಕೂ ಗುರಿ ಇಟ್ಟವನಲ್ಲ. ಅವನು ಕೊಡಲಿಯವನು. ದಿಮ್ಮಿಯನ್ನು ಯಾರು ಮೊದಲು ಎರಡು ತುಂಡು ಮಾಡುತ್ತಾರೆ ಎಂಬ ಪಂದ್ಯಗಳಲ್ಲಿ ನಲವತ್ತು ವರ್ಷ ಕಡಿದವನು. ಪಂದ್ಯದ ಕೊಡಲಿ ಮುಂಗೈಯ ಕೂದಲು ಬೋಳಿಸಬೇಕು. ಅದರ ಕೆನ್ನೆ, ಅಂದರೆ ಅಲಗಿನ ಬದಿ, ಕನ್ನಡಿಯಾಗಬೇಕು. ಉಕ್ಕಿನ ಮೇಲೆ ಕೂದಲೆಳೆಯಷ್ಟು ಗೀರು ಉಳಿದರೂ ಅದು ಮರವನ್ನು ಕಚ್ಚಿ ಹಿಡಿದುಕೊಳ್ಳುತ್ತದೆ ಎಂದು ಅಜ್ಜ ನಂಬಿದ್ದ. ಪಂದ್ಯ ಬಿಟ್ಟು ಹದಿನೈದು ವರ್ಷವಾದರೂ ಅವನ ಕೊಡಲಿಗಳು ತಮ್ಮ ತಮ್ಮ ಮರದ ಪೆಟ್ಟಿಗೆಗಳಲ್ಲಿ ಹೊಳೆಯುತ್ತ ಮಲಗಿದ್ದವು.

ಅಜ್ಜಿ ಬೀಗ ಹಾಕಿದ್ದನ್ನು ಅಜ್ಜ ಅಡುಗೆಮನೆಯ ಮೇಜಿನಿಂದ ನೋಡಿದ.

"ಎಡಗಣ್ಣು ಸರಿಯಾಗಿದೆ ತಾನೇ ನಿಂದು?"

"ಇದೆ. ನಿನ್ನ ಬೋಳುತಲೆ ಚೆನ್ನಾಗೇ ಕಾಣ್ತಿದೆ."

"ಹಾಗಾದ್ರೆ ಎಡಭುಜಕ್ಕಿಟ್ಟು ಹೊಡಿ."

"ಬೋಲ್ಟು ಬಲಗಡೆ ಇದೆಯಲ್ಲೋ ಮಾರಾಯ! ಒಂದು ಗುಂಡು ಹೊಡೆದು, ಕೈ ಆಚೆ ದಾಟಿಸಿ, ಅದನ್ನ ಎಳೆದು ಇನ್ನೊಂದು ತುಂಬೋ ಅಷ್ಟ್ರಲ್ಲಿ ಜಿಂಕೆ ಮನೆಗೆ ಹೋಗಿ ಚಾ ಕುಡೀತಿರುತ್ತೆ."

"ಎಡಗೈಯೋರ ರೈಫಲ್ ಸಿಗುತ್ತಲ್ಲ, ಅಂಗಡೀಲಿ."

"ಸಿಗುತ್ತೆ. ಎಲ್ಲ ಆರಡಿ ಗಂಡಸರಿಗೆ ಮಾಡಿದ್ದು. ನಾನು ಎತ್ಕೊಂಡ್ರೆ ಏಣಿ ಹೊತ್ಕೊಂಡು ಹೊರಟ ಹಾಗೆ ಕಾಣ್ತೀನಿ."

ಅಜ್ಜ ಸಕ್ಕರೆ ಕರಗಿ ಎಷ್ಟೋ ಹೊತ್ತಾಗಿದ್ದ ಚಹಾವನ್ನು ಇನ್ನೂ ಕಲಕುತ್ತಿದ್ದ. "ನಾನು ಮಾಡ್ಕೊಡ್ತೀನಿ," ಎಂದ.

"ಏನನ್ನ?"

"ರೈಫಲ್ನ. ನಿನ್ನಳತೆಗೆ."

ಅಜ್ಜಿ ನಕ್ಕ ನಗುವಿಗೆ ಕಿಟಕಿಯ ಮೇಲಿದ್ದ ಬೆಕ್ಕು ಎದ್ದು ಹೋಯಿತು. "ಕೋಳಿ ಸತ್ರೆ ಮೂರು ದಿನ ಊಟ ಸೇರಲ್ಲ ನಿಂಗೆ. ರೈಫಲ್ ಮಾಡ್ತಾನಂತೆ! ಕೇಳಿದ್ಯೇನೇ ಫರ್ನ್?"

ಆದರೆ ಮರುದಿನ ಅವಳು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಾಗ ಅಜ್ಜ ಬಂದು, ಅವಳ ಭುಜದಿಂದ ತೋರುಬೆರಳಿನವರೆಗೆ ದಾರ ಹಿಡಿದು, ಗಂಟು ಹಾಕಿಕೊಂಡು ಹೋದ. ಅವಳು ಅಲುಗಾಡದೆ ನಿಂತಿದ್ದಳು, ಚಾಕು ಕೈಯಲ್ಲೇ ಇತ್ತು. ದರ್ಜಿಯ ಮುಂದೆ ನಿಂತ ಮದುವಣಗಿತ್ತಿಯಂತೆ ನನಗೆ ಕಂಡಳು.

ಒಂದೊಂದು ಭಾಗ ಒಂದೊಂದು ದಿಕ್ಕಿನಿಂದ ಬಂತು. ನಳಿಗೆ ಸಮುದ್ರದಾಚೆಯ ವಿಕ್ಟೋರಿಯಾದಿಂದ, ಟ್ರಿಗರ್ ನ್ಯೂಜಿಲೆಂಡಿನಿಂದ. ಭುಜಕ್ಕೆ ತಾಗುವ ಮರದ ಹಿಡಿಗೆ ಬೇಕಾದ ಬ್ಲ್ಯಾಕ್‌ವುಡ್ ಹಲಗೆಯನ್ನು ಅಜ್ಜನ ಹಳೆಯ ಪಂದ್ಯದ ಎದುರಾಳಿಯೊಬ್ಬ ತಂದುಕೊಟ್ಟ. ಎಲ್ಲಕ್ಕಿಂತ ತಡವಾಗಿ ಸಿಕ್ಕಿದ್ದು ಗೂಡು, ಅಂದರೆ ಬೋಲ್ಟ್ ಓಡಾಡುವ ಉಕ್ಕಿನ ನಡುಭಾಗ. ಎಡಗೈಯವರದು ಅಪರೂಪ. ಲಾನ್ಸೆಸ್ಟನ್ನಿನಲ್ಲಿ ತೀರಿಕೊಂಡ ಒಬ್ಬ ಎಡಚನ ಮನೆಯವರು ಅದನ್ನು ವ್ಯಾಪಾರಿಯ ಬಳಿ ಇಟ್ಟಿದ್ದರು. ಉಳಿದದ್ದೆಲ್ಲ ಬರೀ ಸಾಮಾನು, ಕಾನೂನಿನ ಕಣ್ಣಿಗೆ ಬಂದೂಕೆಂದರೆ ಆ ಗೂಡೊಂದೇ. ಏಳು ಅಂಕಿಯ ನಂಬರು ಇರುವುದೂ ಅದರ ಮೇಲೆಯೇ. ಅಜ್ಜಿಯ ಹೆಸರಿನಲ್ಲಿ ಅರ್ಜಿ ಹಾಕಿ, ಆ ನಂಬರು ಬರೆದ ಪೊಲೀಸರ ಅನುಮತಿ ಚೀಟಿ ಬಂದ ಮೇಲಷ್ಟೇ ವ್ಯಾಪಾರಿ ಅದನ್ನು ಕೈಗೆ ಕೊಟ್ಟ. ಲಾಂಗ್‌ಫರ್ಡಿನ ಬಂದೂಕು ಕೆಲಸಗಾರ ರೆಕ್ಸ್ ಟಬ್ ತನ್ನ ಲೇತ್ ಯಂತ್ರದಲ್ಲಿ ನಳಿಗೆಯನ್ನು ಗೂಡಿಗೆ ಜೋಡಿಸಿ, ಹೊಡೆದು ಪರೀಕ್ಷಿಸಿ, "ಇನ್ನು ಮರದ ಕೆಲಸ, ಹೊಳಪಿನ ಕೆಲಸ ನಿಂದು, ಮುದುಕ," ಎಂದು ಕೊಟ್ಟ. ಎಲ್ಲ ಮುಗಿದ ಮೇಲೆ ನಮ್ಮ ಊರಿನ ಪೊಲೀಸ್ ಸಾರ್ಜೆಂಟ್ ಮೆರನ್ ಬಂದು, ರೈಫಲ್ ನೋಡಿ, ನಂಬರು ತಾಳೆ ಹಾಕಿ, ಕೊನೆಯ ಕಾಗದಕ್ಕೆ ಸಹಿ ಹಾಕಬೇಕಿತ್ತು.

ಜನವರಿ ಪೂರ್ತಿ ಅಜ್ಜ ಶೆಡ್ಡಿನಲ್ಲಿದ್ದ. ಹಿಡಿಯನ್ನು ಕೆತ್ತಿ ಕೆತ್ತಿ, ಪ್ರತಿ ಮಧ್ಯಾಹ್ನ ಒಳಗೆ ತಂದು ಅಜ್ಜಿಯ ಭುಜಕ್ಕಿಡುತ್ತಿದ್ದ. "ಕೆನ್ನೆ ಎಲ್ಲಿ ತಾಗ್ತಿದೆ? ಇಲ್ಲಿಯಾ? ಸ್ವಲ್ಪ ಮೇಲಾ?" ಅವಳು ಕಣ್ಣು ಮುಚ್ಚಿ ಎತ್ತಿ, ಕಣ್ಣು ತೆರೆದರೆ ಗುರಿ ನೇರ ಕಣ್ಣೆದುರು ಇರಬೇಕು, ಅದು ಅವನ ಹಟ. ಹಿಡಿ ಮುಗಿದ ಮೇಲೆ ಉಕ್ಕಿಗೆ ಕೈ ಹಾಕಿದ. ಮೊದಲು ಅರ, ಆಮೇಲೆ ಒರಟು ಕಲ್ಲು, ನುಣುಪು ಕಲ್ಲು, ಎಣ್ಣೆ, ಕೊನೆಗೆ ತೊಗಲಿನ ಪಟ್ಟಿ. ಸತ್ತ ಎಡಚ ಗೂಡನ್ನು ಸರಿಯಾಗಿ ನೋಡಿಕೊಂಡಿರಲಿಲ್ಲ, ತುಕ್ಕಿನ ಕುಳಿಗಳಿದ್ದವು. ಒಂದೊಂದು ಕುಳಿಯನ್ನೂ ಅಜ್ಜ ಓಡಿಸಿದ. ಉಕ್ಕಿನಲ್ಲಿ ಮೊದಲು ಶೆಡ್ಡಿನ ಕಿಟಕಿ ಕಂಡಿತು, ಆಮೇಲೆ ಕಿಟಕಿಯಾಚೆಯ ಮರ, ಆಮೇಲೆ ಮರದ ಎಲೆಗಳು.

"ಸಾಕು ಬಿಡೋ," ಎಂದಳು ಅಜ್ಜಿ ಬಾಗಿಲಲ್ಲಿ ನಿಂತು. "ಜಿಂಕೆ ಏನು ಅದರಲ್ಲಿ ಮುಖ ನೋಡ್ಕೊಂಡು ತಲೆ ಬಾಚ್ಕೊಳ್ಳುತ್ತಾ?"

"ನೀನು ನೋಡ್ಕೊಳ್ತೀಯಲ್ಲ," ಎಂದ ಅಜ್ಜ. ತಲೆ ಎತ್ತಲಿಲ್ಲ.

ಫೆಬ್ರವರಿಯ ಕೊನೆಯ ವಾರ ಎಲ್ಲ ಸಿದ್ಧವಾಯಿತು. ಮಾರನೆಯ ದಿನ ಮೆರನ್ ಬರುವವಳು. ಋತು ತೆರೆಯಲು ಒಂಬತ್ತು ದಿನ. ನಾನು ಮೇಜಿನ ಮೇಲೆ ಅವಳು ಸಹಿ ಹಾಕಬೇಕಾದ ಕಾಗದ ಹರವಿಕೊಂಡು ತುಂಬುತ್ತಿದ್ದೆ. ಎದುರಿಗೆ ಅಜ್ಜ ರೈಫಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ನಂಬರು ಓದು ಅಜ್ಜ."

ಅಜ್ಜ ಗೂಡನ್ನು ಬೆಳಕಿಗೆ ತಿರುಗಿಸಿದ. ಇನ್ನೊಂದು ಕಡೆ ತಿರುಗಿಸಿದ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ. ಅವನ ಕಿವಿಗಳು ನಿಧಾನ ಕೆಂಪಾಗುವುದನ್ನು ನಾನು ನೋಡಿದೆ.

"ಇಲ್ಲೇ ಇತ್ತು," ಎಂದ.

ನಾನೂ ನೋಡಿದೆ. ಉಕ್ಕಿನಲ್ಲಿ ನನ್ನ ಕಣ್ಣು, ಹಿಂದೆ ಕಿಟಕಿ, ಅದರಾಚೆ ಆಕಾಶ. ಅಂಕಿ ಒಂದೂ ಇಲ್ಲ. ಮೊದಲೇ ಸವೆದಿದ್ದ ನಂಬರನ್ನು ತುಕ್ಕಿನ ಕುಳಿಗಳ ಜೊತೆಗೇ ಅವನು ತಿಕ್ಕಿ ಕಳೆದಿದ್ದ. ಕೊಡಲಿಯ ಮೇಲೆ ಗೀರು ಉಳಿಯಬಾರದೆಂದು ನಲವತ್ತು ವರ್ಷ ಕಲಿತ ಕೈ, ಇದನ್ನೂ ಗೀರೆಂದೇ ತಿಳಿದಿತ್ತು.

ನಂಬರು ಅಳಿಸಿದ ಬಂದೂಕು ಮನೆಯಲ್ಲಿರುವುದೇ ಅಪರಾಧ. ಅದು ಇಬ್ಬರಿಗೂ ಗೊತ್ತಿತ್ತು. ಅಜ್ಜ ರೈಫಲ್ ಹಿಡಿದು ಎದ್ದು ಶೆಡ್ಡಿಗೆ ಹೋದ. ನಾನು ಹಿಂದೆಯೇ ಹೋದೆ. ಅವನು ಸಣ್ಣ ತಗಡಿನ ಡಬ್ಬಿ ತೆರೆದ. ಅದರಲ್ಲಿ ಸಾಲಾಗಿ ಅಂಕಿಯ ಅಚ್ಚುಗಳಿದ್ದವು, ಸೊನ್ನೆಯಿಂದ ಒಂಬತ್ತರವರೆಗೆ. ಕೊಡಲಿಗಳಿಗೆ ಗುರುತು ಹಾಕಲು ಇಟ್ಟುಕೊಂಡಿದ್ದವು.

"ಚೀಟೀಲಿ ನಂಬರಿದೆಯಲ್ಲ," ಎಂದ. "ಅದೇ ನಂಬರು. ಅದೇ ಜಾಗ. ನಾನೇನು ಹೊಸದು ಹುಟ್ಟಿಸ್ತಿಲ್ಲ. ಓದು ಫರ್ನ್."

ಚೀಟಿ ನನ್ನ ಕೈಯಲ್ಲಿತ್ತು. ಓದಿದರೆ ಏಳು ಸುತ್ತಿಗೆ ಏಟು, ಅಷ್ಟೇ. ಅಜ್ಜಿ ಮಾರ್ಚಿನಲ್ಲಿ ಬೆಟ್ಟದಲ್ಲಿರುತ್ತಾಳೆ. ನಾನು ಬಾಯಿ ತೆರೆದೆ ಕೂಡ.

"ಓದ್ಬೇಡ ಮರಿ," ಎಂದಳು ಅಜ್ಜಿ ಹಿಂದಿನಿಂದ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಒಳಗೆ ಬಂದು ರೈಫಲನ್ನು ಕೈಗೆತ್ತಿಕೊಂಡಳು. ಆ ಜಾಗದ ಮೇಲೆ ಹೆಬ್ಬೆರಳು ಆಡಿಸಿದಳು. "ಬೆಣ್ಣೆ ಹಾಗಿದೆ," ಎಂದಳು. "ಅಯ್ಯೋ ನನ್ನ ಪೆದ್ದ."

"ಹೇಳಿದ್ರೆ ಕೊಂಡೋಗ್ತಾರೆ ಥೋರಾ. ಪುಡಿ ಮಾಡಿಬಿಡ್ತಾರೆ. ಇನ್ನೊಂದು ಗೂಡು ಹುಡುಕೋಕೆ ಮತ್ತೆ ವರ್ಷ ಬೇಕು. ಅಷ್ಟ್ರಲ್ಲಿ ನಿನ್ನ ಕಣ್ಣು..."

"ನನ್ನ ಕಣ್ಣಿನ ಪರವಾಗಿ ನೀನು ಸುಳ್ಳು ಹೇಳೋದು ಬೇಡ," ಎಂದಳು. ದನಿ ಮೆತ್ತಗಿತ್ತು. "ನೀನು ಒತ್ತೋ ನಂಬರು ಸರಿಯಾಗೇ ಇರುತ್ತೆ, ನಂಗೊತ್ತು. ಆದ್ರೆ ಬೆಟ್ಟದ ಮೇಲೆ ಉಸಿರು ಹಿಡಿದು ಗುರಿ ಇಡೋವಾಗ ನನ್ನ ತಲೇಲಿ ಜಿಂಕೆ ಒಂದೇ ಇರ್ಬೇಕು. ಪೊಲೀಸರೂ ಬಂದು ಕೂತ್ರೆ ಕೈ ನಡುಗುತ್ತೆ. ನಡುಗೋ ಕೈಯಲ್ಲಿ ನಾನು ಪ್ರಾಣಿ ಹೊಡೆಯಲ್ಲ."

ಅಜ್ಜ ಅಚ್ಚುಗಳನ್ನು ಒಂದೊಂದಾಗಿ ಡಬ್ಬಿಗೆ ಸೇರಿಸಿದ. ಅಜ್ಜಿಯೇ ಮೆರನ್‌ಗೆ ಫೋನ್ ಮಾಡಿದಳು.

ಮೆರನ್ ಮರುದಿನ ಬಂದಳು. ಅಜ್ಜಿ ಸ್ಕೋನ್ ಎಂಬ ಪುಟ್ಟ ಬನ್ನುಗಳನ್ನು ಮಾಡಿದ್ದಳು, ರಾಸ್‌ಬೆರಿ ಜಾಮಿನ ಜೊತೆ. ಮೆರನ್ ಎರಡು ತಿಂದು, ಮೂರನೆಯದನ್ನು ಕೈಯಲ್ಲಿ ಹಿಡಿದು ರೈಫಲನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

"ಕುಡಿದು ಗಾಡಿ ಓಡಿಸೋರು, ಮೀನು ಕದಿಯೋರು, ಇಂಥೋರನ್ನ ಹಿಡಿಯೋಕೆ ಬಂದೋಳು ನಾನು," ಎಂದಳು. "ಹೊಳಪು ಜಾಸ್ತಿ ಆಯ್ತು ಅಂತ ಒಂದು ಬಂದೂಕು ಹಿಡೀತಿರೋದು ಇದೇ ಮೊದಲು. ಏನ್ ಹ್ಯೂಬರ್ಟ್ ಇದು, ಯಾರಾದ್ರೂ ಹೀಗೆ ಮಾಡ್ತಾರಾ?"

"ಜೈಲಾ?" ಎಂದ ಅಜ್ಜ.

"ಜೈಲಲ್ಲಿ ಇಟ್ರೆ ಕಂಬಿಗೆಲ್ಲ ಹೊಳಪು ಹಾಕ್ತಾ ಕೂರ್ತೀರ ನೀವು." ನಕ್ಕು ಮುಗಿಸಿ ಅವಳು ಗಂಭೀರವಾದಳು. "ನಾನು ಇದನ್ನ ತಗೊಂಡು ಹೋಗ್ಲೇಬೇಕು. ಹೋಬಾರ್ಟಲ್ಲಿ ಪರೀಕ್ಷೆ ಮಾಡೋರಿದ್ದಾರೆ. ಅಂಕಿ ಒತ್ತಿದ ಕಡೆ ಉಕ್ಕು ಒಳಗೊಳಗೇ ಬಿಗಿದಿರುತ್ತಂತೆ, ಆಸಿಡ್ ಹಾಕಿದ್ರೆ ಕೆಲವು ಸಲ ಎದ್ದು ಬರುತ್ತೆ. ಚೀಟೀಲಿರೋದಕ್ಕೆ ತಾಳೆ ಆದ್ರೆ ಹೊಸ ನಂಬರು ಕೊಡ್ತಾರೆ. ಆಗ್ಲಿಲ್ಲ ಅಂದ್ರೆ..." ಸ್ಕೋನನ್ನು ತಟ್ಟೆಯಲ್ಲಿಟ್ಟಳು. "ಆಗ್ಲಿಲ್ಲ ಅಂದ್ರೆ ನಾನೇ ಬಂದು ಹೇಳ್ತೀನಿ. ಕಾಗದ ಕಳ್ಸಲ್ಲ."

"ಎಷ್ಟು ದಿನ?" ಎಂದೆ ನಾನು.

"ಮಾರ್ಚಿಗಂತೂ ಆಗಲ್ಲ."

ಅಜ್ಜಿ ಒಳಗಿನಿಂದ ತನ್ನ ಒಳ್ಳೆಯ ಟವೆಲ್ ತಂದು ರೈಫಲನ್ನು ಸುತ್ತಿಕೊಟ್ಟಳು. ಅಜ್ಜ ಜೀಪು ಹೋದ ದಾರಿಯನ್ನು ನೋಡುತ್ತ ಬೇಲಿಯ ಬಳಿ ನಿಂತಿದ್ದ. ಕರೆದರೂ ಬರಲಿಲ್ಲ. ಕೊನೆಗೆ ಅಜ್ಜಿ ಹೋಗಿ ಅವನ ತೋಳು ಹಿಡಿದು, ಕಣ್ಣಿಲ್ಲದವಳನ್ನು ಒಳಗೆ ಕರಕೊಂಡು ಹೋಗು ಎಂದಳು. ಅವಳಿಗೆ ಆ ದಾರಿ ಕಣ್ಣು ಕಟ್ಟಿದರೂ ಗೊತ್ತಿತ್ತು. ಅವನು ಕರೆತಂದ.

ಮಾರ್ಚಿನ ಮೊದಲ ಶನಿವಾರ ಬೆಟ್ಟದ ಕಡೆಯಿಂದ ಗುಂಡಿನ ಸದ್ದುಗಳು ಬಂದವು. ಅಜ್ಜಿ ಬಟ್ಟೆ ಒಣಹಾಕುತ್ತಿದ್ದಳು. ಒಂದೊಂದು ಸದ್ದಿಗೂ ಕ್ಲಿಪ್ಪು ಹಿಡಿದ ಕೈ ನಿಲ್ಲುತ್ತಿತ್ತು.

ಅಂದೇ ಮಧ್ಯಾಹ್ನ ಅಜ್ಜ ಪೈನ್ ಮರದ ತುಂಡೊಂದನ್ನು ಬೆಂಚಿಗೇರಿಸಿದ. ಅದೇ ಅಳತೆ, ಅದೇ ತೂಕ. ನಳಿಗೆಯ ಜಾಗದಲ್ಲಿ ನೀರಿನ ಪೈಪು. "ಇದಕ್ಕೆ ಯಾರ ಲೈಸೆನ್ಸೂ ಬೇಡ," ಎಂದು ಅಜ್ಜಿಯ ಕೈಗಿಟ್ಟ. "ಭುಜ ಕಲೀಲಿ. ದಿನಕ್ಕೆ ನೂರು ಸಲ ಎತ್ಬೇಕು."

ಎಪ್ಪತ್ತಾರರ ಅಜ್ಜಿ ದಿನಕ್ಕೆ ನೂರು ಸಲ ಎತ್ತಿದಳು. ಗುರಿಗೆಂದು ಅಜ್ಜ ಪ್ಲೈವುಡ್ಡಿನಲ್ಲಿ ಒಂದು ಜಿಂಕೆ ಕತ್ತರಿಸಿದ. ಅದನ್ನು ತಳ್ಳುಗಾಡಿಯಲ್ಲಿ ನಿಲ್ಲಿಸಿ ಹುಲ್ಲುಗಾವಲಿನ ಮೂಲೆಮೂಲೆಗೆ ಒಯ್ಯುತ್ತಿದ್ದ.

"ದೂರ ಹೋಗು!" ಎಂದು ಕೂಗುತ್ತಿದ್ದಳು ಅಜ್ಜಿ. "ಪೈಪೇ ಆಗ್ಲಿ, ಮನುಷ್ಯ ಇರೋ ಕಡೆ ತಿರುಗಿಸಲ್ಲ ನಾನು!"

ಅವನು ಓಡಿ ಹೋಗಿ ಮರದ ಹಿಂದೆ ನಿಲ್ಲುತ್ತಿದ್ದ. ಮತ್ತೆ ಬಂದು ಗಾಡಿ ತಳ್ಳುತ್ತಿದ್ದ. "ಅದು ಜಿಂಕೆಯೋ ಹಂದಿಯೋ?" ಎಂದು ಅವಳು ಕೂಗಿದರೆ, "ಜಿಂಕೆ! ಬಸುರಿ!" ಎನ್ನುತ್ತಿದ್ದ ಅವನು. ಪಕ್ಕದ ಹೊಲದ ದನಗಳು ಬೇಲಿಯುದ್ದಕ್ಕೂ ಸಾಲಾಗಿ ನಿಂತು ನೋಡುತ್ತಿದ್ದವು.

ಗಂಡು ಜಿಂಕೆಗಳ ಋತು ಮುಗಿಯಿತು. ಹೆಣ್ಣುಗಳದ್ದು ಇನ್ನೂ ಉದ್ದ ಇತ್ತು, ಅದೊಂದೇ ಸಮಾಧಾನ. ಏಪ್ರಿಲ್ ಕೊನೆಯಲ್ಲಿ ಒಂದು ಬೆಳಿಗ್ಗೆ ಅಜ್ಜಿ ಅಡುಗೆಮನೆಯ ಬಾಗಿಲ ಮುಂದೆ ನಿಂತು, "ಹ್ಯೂ, ಈ ಚೌಕಟ್ಟು ಅಂಚಲ್ಲಿ ಸೊಟ್ಟ ಆಗಿದೆ ನೋಡು," ಎಂದಳು.

ಅಜ್ಜ ತೂಗುಗುಂಡು ತಂದ. ಮೇಲೆ ಮೊಳೆಗೆ ದಾರ ಕಟ್ಟಿ ಗುಂಡನ್ನು ಇಳಿಬಿಟ್ಟ. ಗುಂಡು ತೂಗಿ ತೂಗಿ ನಿಂತಿತು. ದಾರಕ್ಕೂ ಚೌಕಟ್ಟಿಗೂ ನಡುವೆ ಮೇಲಿನಿಂದ ಕೆಳಗಿನವರೆಗೆ ಒಂದೇ ಅಂತರ. ಅವನು ದಾರವನ್ನು ಹಿಡಿದುಕೊಂಡೇ ನಿಂತ. ಏನಾದರೂ ಒಂದು ಹೇಳಿ ತೇಲಿಸಿಬಿಡುತ್ತಾನೆ ಎಂದು ನಾನು ಕಾದೆ, ಹಾಗೇ ಆಗಲಿ ಎಂದೂ ಬಯಸಿದೆ.

"ಬಾಗಿಲು ನೆಟ್ಟಗಿದೆ, ಥೋರಾ," ಎಂದ.

"ಹೂಂ," ಎಂದಳು ಅಜ್ಜಿ. ಆಮೇಲೆ, "ನಡುವೆ ಇನ್ನೂ ಸರಿಯಾಗಿದೆ. ಅಂಚು ಮಾತ್ರ." ಅವನ ಕೈಯಿಂದ ದಾರ ಬಿಡಿಸಿಕೊಂಡು ಗುಂಡಿಗೆ ಸುತ್ತಿಟ್ಟಳು. ಡಾಕ್ಟರು ಎಡಗಣ್ಣಿಗೆ ಸೂಜಿಮದ್ದು ಶುರುಮಾಡಿದರು. ತಡೆಯಬಹುದು, ತಡೆಯದೇ ಇರಬಹುದು ಎಂದರು.

ಮೇ ತಿಂಗಳ ಎರಡನೆಯ ವಾರ ಮೆರನ್ನಳ ಜೀಪು ಬಂತು. ಅಜ್ಜ ಎದ್ದು ನಿಂತವನು ಕಾಲು ಮುಂದಿಡಲಿಲ್ಲ. ಕಾಗದವೋ, ಮಾತೋ, ಬಂದೂಕೋ? ಅವಳು ಹಿಂದಿನ ಬಾಗಿಲು ತೆರೆದು ಟವೆಲ್ಲಿನ ಗಂಟನ್ನು ಎತ್ತಿದಳು.

ಏಳರಲ್ಲಿ ಐದು ಅಂಕಿ ಎದ್ದು ಬಂದಿದ್ದವಂತೆ, ಅಷ್ಟು ಸಾಕಾಯಿತಂತೆ. ಆಸಿಡ್ ಮುಟ್ಟಿದ ಕಡೆ ಕನ್ನಡಿ ಹೋಗಿ ಇಬ್ಬನಿ ಕವಿದಂತೆ ಮಂಕಾಗಿತ್ತು. ಅದರ ಮೇಲೆ ಸರ್ಕಾರದ ಹೊಸ ನಂಬರು, ದಪ್ಪ ಅಂಕಿಗಳು, ಸಾಲು ಸ್ವಲ್ಪ ಓರೆ. ಅಜ್ಜನ ಹೆಬ್ಬೆರಳು ತಾನಾಗಿ ಅತ್ತ ಹೋಯಿತು.

"ಆ ಜಾಗ ಮುಟ್ಟಿದ್ರೆ ನೋಡಿ!" ಎಂದಳು ಮೆರನ್. "ಹೊಳಪಿನ ಕಲ್ಲುಗಳೆಲ್ಲ ಜಪ್ತಿ." ಆಮೇಲೆ ಅಜ್ಜಿಯ ಕಡೆ ತಿರುಗಿ, "ಕಣ್ಣು ಹೇಗಿದೆ ಥೋರಾ? ನಿಜ ಹೇಳಿ. ಸಹಿ ಹಾಕೋಳು ನಾನು."

ಅಜ್ಜಿ ನಿಜ ಹೇಳಿದಳು. ಅಂಚು ಬಾಗುತ್ತದೆ, ನಡು ನೆಟ್ಟಗಿದೆ.

"ಹಾಗಾದ್ರೆ ನಡು ತೋರಿಸಿ."

ಹುಲ್ಲುಗಾವಲಿನ ಕೊನೆಯ ಮಣ್ಣಿನ ದಿಬ್ಬಕ್ಕೆ ನಾನು ಒಂದು ಕಾಗದದ ತಟ್ಟೆ ಚುಚ್ಚಿ ಬಂದೆ. ಅಜ್ಜಿ ಚೀಲವೊಂದರ ಮೇಲೆ ಮೊಣಕೈಯೂರಿ ಮಲಗಿದಳು. ರೈಫಲ್ ಅವಳ ಎಡಭುಜಕ್ಕೆ ಹೋಗಿ ಕೂತಿತು. ಎಡಗೈ ಬೋಲ್ಟನ್ನು ಎಳೆದು ತಳ್ಳಿತು, ಎಳೆದು ತಳ್ಳಿತು. ಐದು ಗುಂಡು. ಮೆರನ್ ನಡೆದು ಹೋಗಿ ತಟ್ಟೆಯನ್ನು ಕಿತ್ತು ತಂದು, ಅದರ ತೂತುಗಳ ಮೇಲೆ ತನ್ನ ಅಂಗೈಯಿಟ್ಟಳು. ಐದೂ ಅದರಡಿ ಮುಚ್ಚಿಹೋದವು. ಜೀಪಿನ ಮುಂಭಾಗದ ಮೇಲೆ ಕಾಗದವಿಟ್ಟು ಸಹಿ ಹಾಕಿದಳು.

ಶನಿವಾರ ಬೆಳಗಾಗುವ ಹೊತ್ತಿಗೆ ನಾವು ಮೂವರೂ ನೆರೆಯವರ ಜಮೀನಿನ ಮೇಲಣ ಇಳಿಜಾರಿನಲ್ಲಿದ್ದೆವು. ಹುಲ್ಲಿನ ಮೇಲೆ ಬಿಳಿ ಹಿಮ. ಅಜ್ಜನನ್ನು ಯಾರೂ ಕರೆದಿರಲಿಲ್ಲ. ನಾವು ಹೊರಡುವ ಮೊದಲೇ ಬೂಟು ಹಾಕಿಕೊಂಡು ಪಿಕಪ್ಪಿನಲ್ಲಿ ಕೂತಿದ್ದ. ಅಜ್ಜಿ ಅವನ ಕೊರಳಿಗೆ ದುರ್ಬೀನು ಹಾಕಿದಳು. "ಅರವತ್ತು ಹೆಜ್ಜೆಗಿಂತ ದೂರದ್ದು ನಾನು ಹೊಡೆಯಲ್ಲ. ಅಂಚಲ್ಲಿ ಏನಿದೆ ಅಂತ ನೀನು ಹೇಳು. ಇರೋದನ್ನ ಇದ್ದ ಹಾಗೆ."

ಬಹಳ ಹೊತ್ತು ಏನೂ ಬರಲಿಲ್ಲ. ಬಿಸಿಲು ನೀಲಗಿರಿ ಮರಗಳ ಕಾಲಿಗೆ ಇಳಿಯುವ ಹೊತ್ತಿಗೆ ಒಂದು ಹೆಣ್ಣು ಜಿಂಕೆ ಮರಗಳ ನಡುವಿನಿಂದ ಹೊರಬಂದು ಅಡ್ಡ ನಿಂತಿತು. ಅಜ್ಜಿಯ ರೈಫಲ್ ಮೇಲೇರಿತು. ಬೆರಳು ಇನ್ನೂ ಟ್ರಿಗರಿನ ಹೊರಗಿತ್ತು.

"ಒಂದಾ ಎರಡಾ?" ಎಂದಳು ಪಿಸುದನಿಯಲ್ಲಿ.

ಅಜ್ಜ ದುರ್ಬೀನನ್ನು ಮರಗಳ ಕಡೆ ಹೊರಳಿಸಿದ. ಒಂದು ಎಂದುಬಿಟ್ಟರೆ ಅವಳು ಹೊಡೆಯುತ್ತಾಳೆ. ತಡ ಮಾಡಿದರೆ ಅದು ಹೋಗಿಬಿಡಬಹುದು, ಇನ್ನೊಂದು ಬೆಳಿಗ್ಗೆ ಸಿಗದೇ ಹೋಗಬಹುದು.

"ಎರಡು," ಎಂದ. "ಹಿಂದೆ ಇನ್ನೊಂದಿದೆ. ಇದರ ಹೊಟ್ಟೆ ಮರೇಲಿ ಅದರ ತಲೆ. ತಡಿ."

ಅವಳು ತಡೆದಳು. ಮುಂದಿನದು ಕಿವಿ ತಿರುಗಿಸಿತು, ಒಂದು ಹೆಜ್ಜೆ ಎತ್ತಿ ಅಲ್ಲೇ ಇಟ್ಟಿತು.

"ಹಿಂದಿನದು ಹೋಗ್ತಿದೆ," ಎಂದ ಅಜ್ಜ. "ಇಲ್ಲ, ನಿಂತ್ಕೊಳ್ತು. ತಡಿ. ಇನ್ನೂ ತಡಿ ಥೋರಾ... ಹೋಯ್ತು. ಈಗ ಒಂದೇ. ಹಿಂದೆ ಬರೀ ದಿಬ್ಬ."

ಗುಂಡಿನ ಸದ್ದು ಕಣಿವೆಯನ್ನು ಸುತ್ತಿ ಬರುವ ಮೊದಲೇ ಜಿಂಕೆ ನಿಂತಲ್ಲೇ ಕುಸಿದಿತ್ತು. ಕಾಲು ಒಮ್ಮೆಯೂ ಒದೆಯಲಿಲ್ಲ. ಅಜ್ಜಿ ಬೋಲ್ಟ್ ಎಳೆದು ಗೂಡು ಖಾಲಿ ಮಾಡಿದಳು, ಅಜ್ಜನಿಗೆ ತೋರಿಸಿದಳು, ಅವನು ಇಣುಕಿ ನೋಡಿ ತಲೆಯಾಡಿಸಿದ. ಆಮೇಲೆ ಅವನ ಮುಖ ಬಿಳಿಚಿಕೊಂಡಿತು, ಹುಲ್ಲಿನ ಮೇಲೆ ಕೂತುಬಿಟ್ಟ.

"ಇಲ್ಲೇ ಇರು," ಎಂದಳು ಅಜ್ಜಿ. "ನಾನೂ ಫರ್ನೂ ನೋಡ್ಕೊಳ್ತೀವಿ."

"ಬರ್ತೀನಿ," ಎಂದ. "ಒಂದ್ನಿಮಿಷ."

ಅವಳು ಅವನ ಪಕ್ಕದಲ್ಲಿ, ಆ ಒದ್ದೆ ಹಿಮದ ಮೇಲೆಯೇ, ರೈಫಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅವಸರವಿರಲಿಲ್ಲ. ಅವನು ಏಳುವವರೆಗೆ ಕಾದಳು. ಆಮೇಲೆ ಇಬ್ಬರೂ ಇಳಿಜಾರಿನಲ್ಲಿ ಜಿಂಕೆಯ ಕಡೆ ನಡೆದರು. ಅಜ್ಜ ಒಂದು ಹೆಜ್ಜೆ ಮುಂದೆ. ಎಲ್ಲಿ ಕಲ್ಲಿದೆ, ಎಲ್ಲಿ ಗುಂಡಿಯಿದೆ ಎಂದು ಅವನು ಹೇಳುತ್ತ ಹೋಗುತ್ತಿದ್ದ. ಅವಳು ಪ್ರತಿಯೊಂದಕ್ಕೂ ಹೂಂಗುಟ್ಟುತ್ತಿದ್ದಳು.